ಇಬಿಜಾ ವಿಡಿಯೋ ಬಂದ ಮೇಲೂ ಕುರ್ತ್ಸ್ ಗೆದ್ದದ್ದು ಹೇಗೆ?

ಪ್ರಶ್ನೆ: 2019ರಲ್ಲಿ ಆಸ್ಟ್ರಿಯಾದ ಉಪ ಚಾನ್ಸಲರ್ (ಅಂದರೆ ಉಪ ಪ್ರಧಾನಿ) ಸ್ಟ್ರಾಖೆ, ಸ್ಪೇನಿನ ಇಬಿಜಾ ದ್ವೀಪದಲ್ಲಿ ಗುಟ್ಟಾಗಿ ತೆಗೆದ ವಿಡಿಯೋದಲ್ಲಿ ಸಿಕ್ಕಿಬಿದ್ದರು, ಸರ್ಕಾರ ಬಿತ್ತು, ಅವಧಿಗೆ ಮುಂಚೆಯೇ ಚುನಾವಣೆ ಬಂತು. ಆದರೂ ಚಾನ್ಸಲರ್ ಕುರ್ತ್ಸ್ ಪಕ್ಷವೇ ಮತ್ತೆ ಮೊದಲು ಬಂತಲ್ಲ, ಯಾಕೆ?

ಉತ್ತರ 1: ನಾನು ಆಗ ವಿಯೆನ್ನಾದಲ್ಲಿ ಓದುತ್ತಿದ್ದೆ. ವಿಡಿಯೋ ಹೊರಬಂದ ಮೇ 17ರ ಸಂಜೆ ಅಡುಗೆಮನೆಯಲ್ಲಿ ಐದು ಜನ ಒಂದೇ ಫೋನಿಗೆ ಮುಗಿಬಿದ್ದಿದ್ದೆವು. ಅನ್ನ ತಳ ಹಿಡಿದದ್ದು ಯಾರಿಗೂ ಗೊತ್ತಾಗಲಿಲ್ಲ! ರಷ್ಯಾದ ಶ್ರೀಮಂತನ ಸಂಬಂಧಿ ಎಂದು ಹೇಳಿಕೊಂಡವಳಿಗೆ ಸ್ಟ್ರಾಖೆ ಸರ್ಕಾರಿ ಗುತ್ತಿಗೆಯ ಆಸೆ ತೋರಿಸುತ್ತಿದ್ದರು. ವಿಡಿಯೋ 2017ರದ್ದು. ಮರುದಿನವೇ ರಾಜೀನಾಮೆ. ಕುರ್ತ್ಸ್ ಜಾಣ, ಅಂದೇ ಸ್ಟ್ರಾಖೆ ಪಕ್ಷದ ಜೊತೆಗಿನ ಮೈತ್ರಿ ಮುರಿದು ಚುನಾವಣೆ ಕೇಳಿದರು. ಕೆಸರು ಪೂರ್ತಿ ಜೊತೆಗಾರರ ಮೇಲೆ ಬಿತ್ತು.

ಉತ್ತರ 2: ಅಷ್ಟು ಸಲೀಸಾಗಿ ಅಲ್ಲ. ಮೇ 27ರಂದು ಸಂಸತ್ತು ಅವಿಶ್ವಾಸ ಹಾಕಿ ಕುರ್ತ್ಸ್ ಅವರನ್ನೇ ಮನೆಗೆ ಕಳಿಸಿತು. ಚುನಾವಣೆ ಮುಗಿದು ಹೊಸ ಸರ್ಕಾರ ಬರುವವರೆಗೆ ಬಿಯರ್ಲೈನ್ ಚಾನ್ಸಲರ್, ಆ ಹುದ್ದೆಗೇರಿದ ದೇಶದ ಮೊದಲ ಮಹಿಳೆ.

ಉತ್ತರ 1: ಹೌದು, ಅದನ್ನು ಬಿಟ್ಟೆ. ಆದರೆ ಸೆಪ್ಟೆಂಬರ್ 29ಕ್ಕೆ ಕುರ್ತ್ಸ್‌ಗೆ ಶೇ 37.5 ಮತ, ಸ್ಟ್ರಾಖೆ ಪಕ್ಷ 26ರಿಂದ 16ಕ್ಕೆ ಕುಸಿಯಿತು. ಸಂಸತ್ತಿನಿಂದಲೇ ಹೊರಬಿದ್ದಿದ್ದ ಪರಿಸರವಾದಿ ಪಕ್ಷ ಗ್ರೀನ್ಸ್‌ನವರು ವಾಪಸ್ ಬಂದು ಕುರ್ತ್ಸ್ ಜೊತೆಗೇ ಸರ್ಕಾರದಲ್ಲಿ ಕೂತರು. ನನಗೆ ಜಾಸ್ತಿ ನಗು ಬಂದದ್ದು ಅದಕ್ಕೇ.