‘ವಾಫ್ಸಾ’ಕ್ಕೆ ಕನ್ನಡದಲ್ಲಿ ಏನೆನ್ನಬೇಕು: ತೇವವೋ, ಹದವೋ?

ಪ್ರಶ್ನೆ: ಚಳಿಗಾಲದ ತರಕಾರಿಗೆ ಮಡಿ ಮಾಡುವಾಗ ಪುಣೆಯ ಮಾಳಿಗಳು (ತೋಟಗಾರರು) ಮರಾಠಿಯಲ್ಲಿ ‘ವಾಫ್ಯಾತ್ ವಾಫ್ಸಾ ಆಲ್ಯಾವರ್ ಪೇರಾ’ ಅನ್ನುತ್ತಾರೆ. ಇದನ್ನು ಕನ್ನಡದಲ್ಲಿ ‘ಮಡಿಯಲ್ಲಿ ತೇವ ಬಂದ ಮೇಲೆ ಬಿತ್ತಿ’ ಎಂದರೆ ಸರಿಯೇ? ವಾಫಾ, ವಾಫ್ಸಾ ಎರಡೂ ಒಂದೇ ಏನು?

ಉತ್ತರ: ನಮಸ್ಕಾರ. ಎರಡೂ ಬೇರೆ. ವಾಫಾ ಎಂದರೆ ಮಡಿ, ಹಳೆ ಮೈಸೂರಿನವರ ಬಾಯಲ್ಲಿ ಪಾತಿ. ವಾಫ್ಸಾ ಎಂದರೆ ಆ ಮಡಿಯ ಮಣ್ಣು ಇರಬೇಕಾದ ಸ್ಥಿತಿ. ಅದನ್ನು ದಯವಿಟ್ಟು ‘ತೇವ’ ಎನ್ನಬೇಡಿ. ಮಳೆ ನಿಂತ ಮರುದಿನವೂ ಮಡಿಯಲ್ಲಿ ತೇವ ಇರುತ್ತದೆ, ಆದರೆ ಅಂದು ಬಿತ್ತಿದರೆ ಬೀಜ ಕೊಳೆಯುತ್ತದೆ. ಮಣ್ಣಿನ ಸಂದಿಗಳಲ್ಲಿ ನೀರೂ ಇದ್ದು ಗಾಳಿಯೂ ಆಡುತ್ತಿದ್ದರೆ ಅದು ವಾಫ್ಸಾ. ತೇವಕ್ಕೆ ಹೆಚ್ಚು ಕಡಿಮೆ ಉಂಟು. ವಾಫ್ಸಾ ಮಾತ್ರ ಬರುತ್ತದೆ, ಇರುತ್ತದೆ, ತಪ್ಪಿಹೋಗುತ್ತದೆ.

ಹೀಗೆ ಬಂದು ಹೋಗುವುದಕ್ಕೆ ಕನ್ನಡದಲ್ಲಿ ‘ಹದ’ ಇದೆ. ಬೆಲ್ಲದ ಪಾಕಕ್ಕೆ ಹದ ಬರುವುದೂ ಮೀರುವುದೂ ಹೇಗೋ ಮಣ್ಣಿಗೂ ಹಾಗೆ. ಇನ್ನೂ ಬಿಗಿಯಾದ ಮಾತು ಬೇಕಿದ್ದರೆ ‘ಬೆದೆ’: ಬಿತ್ತನೆಗೆ ತಕ್ಕ ನೆಲಕ್ಕೂ ಕಾಲಕ್ಕೂ ಸಲ್ಲುವ ಪದ. ಹಸು ಬೆದೆಗೆ ಬಂತು ಎನ್ನುವಾಗಲೂ ಇದೇ ಪದವಿರುವುದರಿಂದ ಪೇಟೆಯವರಿಗೆ ಗೊಂದಲವಾದೀತು. ಆಗ ‘ಹದಬೆದೆ’ ಎಂದು ಜೋಡಿಯಾಗಿ ಬರೆಯಿರಿ. ಮಹಾರಾಷ್ಟ್ರದ ಸುಭಾಷ್ ಪಾಳೇಕರ್ ತಮ್ಮ ನೈಸರ್ಗಿಕ ಕೃಷಿಪದ್ಧತಿಯಲ್ಲಿ ಬೀಜಾಮೃತ (ಬೀಜೋಪಚಾರ), ಜೀವಾಮೃತ (ದ್ರವಗೊಬ್ಬರ), ಆಚ್ಛಾದನ (ನೆಲದ ಹೊದಿಕೆ)ಗಳ ಜೊತೆ ವಾಫ್ಸಾವನ್ನೂ ಒಂದು ಆಧಾರವಾಗಿ ಎಣಿಸಿದ್ದರಿಂದ ಮರಾಠಿಯ ಪದವೇ ಕನ್ನಡದ ಕೃಷಿ ಬರಹಕ್ಕೂ ಬಂದಿದೆ. ಬರಲಿ, ಆದರೆ ನಮ್ಮ ಹದ ಬಿಟ್ಟುಹೋಗಬಾರದು.

ಪದ ಕೈಗೆ ತಿಳಿಯಬೇಕಾದರೆ ಹೀಗೆ ಮಾಡಿ. ಮೇಲಿನ ಒಣ ಪದರ ಸರಿಸಿ, ನಾಲ್ಕು ಬೆರಳು ಆಳದಿಂದ ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆಯಾಗಬೇಕು. ಸೊಂಟದ ಎತ್ತರದಿಂದ ಬಿಟ್ಟರೆ ಒಡೆದು ಪುಡಿಯಾಗಬೇಕು. ಹೀಗಾದರೆ ಹದ. ಬಿದ್ದ ಉಂಡೆ ಚಪ್ಪಟೆಯಾಗಿ ಕೂತರೆ, ಬೆರಳಲ್ಲಿ ಹೊಳೆಯುವ ಅಂಟು ಉಳಿದರೆ ಇನ್ನೂ ಹಸಿ. ಉಂಡೆಯೇ ಕಟ್ಟದಿದ್ದರೆ ಹದ ತಪ್ಪಿದೆ.

ಪುಣೆಯ ಸುತ್ತ ಹೆಚ್ಚಾಗಿ ಸಿಗುವ ಎರೆ ಮಣ್ಣಿಗೆ ಈ ಪರೀಕ್ಷೆ ಬಹಳ ಮುಖ್ಯ. (ಎರೆ ಎಂದರೆ ಇಲ್ಲಿ ಕಪ್ಪು ಜಿಗುಟು ಮಣ್ಣು, ಎರೆಹುಳುವಿನ ಗೊಬ್ಬರವಲ್ಲ, ಅದು ಮರಾಠಿಯ ಗಾಂಡೂಳ ಖತ. ಅನುವಾದದಲ್ಲಿ ಇವೆರಡೂ ಅದಲುಬದಲಾಗುವುದುಂಟು.) ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಸಿಯಿರುವಾಗ ಅಗೆದರೆ ಹೆಂಟೆಗಳು ಹಾಗೇ ಒಣಗಿ ಕಲ್ಲಾಗುತ್ತವೆ. ತುಳಿದರೆ ಸಂದಿಗಳು ಮುಚ್ಚಿ ಬೇರಿಗೆ ಗಾಳಿಯಿಲ್ಲ. ಮೂಲಂಗಿ, ಗಜ್ಜರಿ ಕವಲೊಡೆಯಲು ಇಂಥ ಹೆಂಟೆಯೂ ಒಂದು ಕಾರಣ. ಗೋವೆಯ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ, ಹದ ಬಂದಷ್ಟೇ ಬೇಗ ತಪ್ಪುತ್ತದೆ.

ಆದ್ದರಿಂದ ಕ್ರಮವನ್ನು ಕನ್ನಡದಲ್ಲಿ ಬರೆಯುವಾಗ ಹದವೇ ಮೊದಲು ಬರಲಿ. ಅಕ್ಟೋಬರಿನಲ್ಲಿ ಮಳೆ ಹಿಂದೆಗೆದ ಮೇಲೆ, ಮಣ್ಣು ಹದಕ್ಕೆ ಬಂದಾಗ ಒಂದು ಗೇಣು ಆಳ ಅಗೆದು ಹೆಂಟೆ ಒಡೆಯಿರಿ. ಚದರ ಮೀಟರಿಗೆ ಮೂರು ಕಿಲೊ ಚೆನ್ನಾಗಿ ಕಳಿತ ಸಗಣಿ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ ಬೇಡ, ಬೇರು ಸುಡುತ್ತದೆ, ಗೊಣ್ಣೆಹುಳು ಬರುತ್ತದೆ. ಮೂರು ಅಡಿ ಅಗಲ, ಅರ್ಧ ಅಡಿ ಎತ್ತರದ ಏರುಮಡಿ ಮಾಡಿದರೆ ಎರಡೂ ಕಡೆಯಿಂದ ಕೈ ಎಟುಕುತ್ತದೆ, ಮಡಿ ತುಳಿಯಬೇಕಿಲ್ಲ.

ಅಷ್ಟರಲ್ಲಿ ಹದ ತಪ್ಪಿತೆನ್ನಿ. ಬಿತ್ತಿ ನೀರು ಹಾಯಿಸುವುದಲ್ಲ. ಮೊದಲು ಮಡಿ ತೋಯಿಸಿ, ಒಂದೆರಡು ದಿನ ಬಿಟ್ಟು, ಉಂಡೆ ಒಡೆಯುವಂತಾದ ಮೇಲೆ ಬಿತ್ತಿ. ಪಾಲಕ್, ಮೂಲಂಗಿ ಬೀಜ ಅರ್ಧ ಇಂಚಿನಷ್ಟು ಆಳದಲ್ಲಿರಲಿ. ಮೆಂತ್ಯ ನಾಲ್ಕೈದು ದಿನಕ್ಕೆ ಮೊಳೆಯುತ್ತದೆ. ಗಜ್ಜರಿಗೆ ಎರಡು ವಾರವಾದರೂ ಆದೀತು, ಅಲ್ಲಿಯವರೆಗೆ ಮೇಲ್ಪದರ ಒಣಗಬಾರದು.

ಇಲ್ಲಿ ಇನ್ನೊಂದು ಪದದ ಎಚ್ಚರ. ಬಿತ್ತಿದ ಮೇಲೆ ‘ನೀರು ಬಿಡಿ’ ಎಂದು ಬರೆದರೆ ಓದುಗರು ಪೈಪೇ ಹಿಡಿಯುತ್ತಾರೆ. ಎರೆ ಮಣ್ಣಿನ ಮೇಲೆ ಧಾರೆ ಬಿದ್ದರೆ ಮೇಲ್ಪದರ ಕೆಸರಾಗಿ, ಬಿಸಿಲಿಗೆ ಹಪ್ಪಳದಂತೆ ಗಟ್ಟಿಯಾಗುತ್ತದೆ. ಎಳೆ ಮೊಳಕೆ ಅದನ್ನು ಒಡೆಯಲಾರದೆ ಒಳಗೇ ಮಡಚಿಕೊಳ್ಳುತ್ತದೆ. ‘ಝಾರಿಯಿಂದ (ತೂತುಮೂತಿಯ ನೀರಿನ ಕ್ಯಾನಿನಿಂದ) ಚಿಮುಕಿಸಿ’ ಎಂದೇ ಬರೆಯಿರಿ.