ರಿಡೆಂಪ್ಶನ್ ಕಾರ್ಡ್ ಮೇಲಿರೋ ಸಾಲನ್ನ ಇಬ್ಬರು ಎರಡು ಥರ ಓದಿದ್ರೆ ಏನ್ ಮಾಡ್ತೀರಾ?

ಪ್ರಶ್ನೆ: ನಾವು ನಾಲ್ಕೈದು ಜನ ಸೇರಿ ರಿಡೆಂಪ್ಶನ್ ಅನ್ನೋ ಬೈಬಲ್ ಕಾರ್ಡ್ ಗೇಮ್ ಆಡ್ತೀವಿ, 1995ರ ಮೊದಲ ಸೆಟ್ ಕಾರ್ಡೂ ಇದೆ ಹೊಸದೂ ಇದೆ ಎಲ್ಲಾ ಕಲಸಿಬಿಟ್ಟಿದೀವಿ. ಹಳೇ ಕಾರ್ಡಲ್ಲಿ ಒಂದೇ ಒಂದು ಸಾಲು ಇರುತ್ತೆ, ಒಬ್ಬ ಈವಿಲ್ ಕ್ಯಾರೆಕ್ಟರ್‌ನ (ಕೆಟ್ಟ ಪಾತ್ರದ ಕಾರ್ಡ್) ಡಿಸ್ಕಾರ್ಡ್ ಮಾಡು, ಅಂದ್ರೆ ತೆಗೆದುಹಾಕು ಅಂತ. ಬ್ಯಾಟಲಲ್ಲಿ ಇರೋನನ್ನ ಮಾತ್ರನಾ, ಇಲ್ಲಾ ಟೆರಿಟರೀಲಿ (ಆಟಗಾರ ತನ್ನ ಮುಂದೆ ಕಾರ್ಡ್ ಇಟ್ಕೊಳ್ಳೋ ಜಾಗ) ಸುಮ್ನೆ ಕೂತಿರೋನನ್ನೂನಾ? ಇನ್ನು 'ಇಂಟರಪ್ಟ್ ದ ಬ್ಯಾಟಲ್' ಅಂತ ಇದ್ರೆ ಯಾವಾಗ ಬೇಕಾದ್ರೂ ಹಾಕಬಹುದಾ? ಅರ್ಧ ಆಟ ಜಗಳದಲ್ಲೇ ಹೋಗ್ತಿದೆ, ಅನುಭವ ಇರೋರು ಹೇಳಿ.

—

ಮೊದಲನೇದಕ್ಕೆ ಉತ್ತರ ಸುಲಭ ಗುರು. ಕಾರ್ಡಲ್ಲಿ ಜಾಗ ಹೇಳಿಲ್ಲ ಅಂದ್ರೆ 'ಇನ್ ಪ್ಲೇ' ಅಂತ ತಗೋಬೇಕು, ಅಂದ್ರೆ ಫೀಲ್ಡ್ ಆಫ್ ಬ್ಯಾಟಲ್ ಬರುತ್ತೆ, ಟೆರಿಟರೀನೂ ಬರುತ್ತೆ, ಆದ್ರೆ ಕೈಯಲ್ಲಿರೋದು, ಡೆಕ್ಕು, ಡಿಸ್ಕಾರ್ಡ್ ಪೈಲು ಬರಲ್ಲ. ಏಂಜಲ್ ಆಫ್ ದ ಲಾರ್ಡ್ ಅನ್ನೋ ಕಾರ್ಡ್ ಹಾಕಿ ಟೆರಿಟರೀಲಿ ಕೂತಿರೋ ದೊಡ್ಡ ಈವಿಲ್ ಕ್ಯಾರೆಕ್ಟರ್‌ನ ಬ್ಯಾಟಲ್ ಶುರು ಆಗೋಕೆ ಮುಂಚೇನೇ ಎತ್ತಿಬಿಡ್ತಾರಲ್ಲ, ಅದೇ ಲೆಕ್ಕ. ಬರೀ ಬ್ಯಾಟಲ್‌ಗೆ ಸೀಮಿತ ಮಾಡ್ಬೇಕು ಅಂದ್ರೆ ಕಾರ್ಡೇ 'ಇನ್ ಬ್ಯಾಟಲ್' ಅಂತ ಹೇಳುತ್ತೆ. ಇಲ್ಲದೇ ಇರೋ ಪದನ ನಾವು ಸೇರಿಸ್ಕೊಂಡು ಓದೋದ್ರಿಂದಲೇ ಮುಕ್ಕಾಲು ಪಾಲು ಜಗಳ ಬರೋದು.

ಇದರ ಇನ್ನೊಂದು ಮುಖ ಜನ ಮರೀತಾರೆ. 'ಆಲ್' ಅಂತ ಇದ್ರೆ ನಿಮ್ಮವೂ ಸೇರುತ್ತೆ. ಎಲ್ಲಾ ಈವಿಲ್ ಕ್ಯಾರೆಕ್ಟರ್ಸ್ ಡಿಸ್ಕಾರ್ಡ್ ಅಂದ್ರೆ ನಿಮ್ಮ ಟೆರಿಟರೀಲಿ ಡಿಫೆನ್ಸ್‌ಗೆ ಅಂತ ಇಟ್ಕೊಂಡಿರೋರೂ ಹೋಗ್ತಾರೆ. ನನಗೆ ಅನುಕೂಲ ಆದಾಗ ಅಗಲವಾಗಿ ಓದ್ತೀನಿ, ಇಲ್ಲದಾಗ ಕಿರಿದಾಗಿ ಓದ್ತೀನಿ ಅಂದ್ರೆ ನಡೆಯಲ್ಲ.

—

ಇಂಟರಪ್ಟ್ ಬಗ್ಗೆ ನಾನು ಹೇಳ್ತೀನಿ. ಇದು ಹೆಚ್ಚಾಗಿ ಬೇರೆ ಕಾರ್ಡ್ ಗೇಮಿಂದ ಬಂದೋರಿಗೆ ಆಗೋ ಗೊಂದಲ. ಮ್ಯಾಜಿಕ್ ಅನ್ನೋ ಕಾರ್ಡ್ ಗೇಮಲ್ಲಿ ಮುಂಚೆ ಇಂಟರಪ್ಟ್ ಅಂತ ಒಂದು ಕಾರ್ಡ್ ಟೈಪೇ ಇತ್ತು, 1999ರಲ್ಲಿ ತೆಗೆದ್ರು, ಅದರ ಗುಂಗಲ್ಲಿ ಇರೋರು ಇಲ್ಲೂ 'ನಿಲ್ಲು ನಿಲ್ಲು, ನಾನು ಇಂಟರಪ್ಟ್ ಹಾಕ್ತೀನಿ' ಅಂತ ಮಧ್ಯ ನುಗ್ತಾರೆ. ಇಲ್ಲಿ ಹಂಗಲ್ಲ. ಬ್ಯಾಟಲಲ್ಲಿ ಎನ್‌ಹಾನ್ಸ್‌ಮೆಂಟ್ (ಕ್ಯಾರೆಕ್ಟರ್‌ಗೆ ನೆರವಾಗೋ ಕಾರ್ಡ್) ಹಾಕಕ್ಕೆ ನಿಮ್ಮ ಹತ್ರ ಇನಿಶಿಯೇಟಿವ್, ಅಂದ್ರೆ ಕಾರ್ಡ್ ಹಾಕೋ ಸರದಿ ಇರ್ಬೇಕು, ಅದು ಸೋಲ್ತಾ ಇರೋರಿಗೆ ಸಿಗುತ್ತೆ. ಕಾರ್ಡ್ ಮೇಲಿರೋ ಬಲದ ನಂಬರ್ ನೋಡಿ ನೀವು ಗೆಲ್ತಾ ಇದ್ರೆ ಬಾಯಿ ಮುಚ್ಕೊಂಡು ಕೂರ್ಬೇಕು, ಅಷ್ಟೇ. ಯಾವಾಗ ಬೇಕಾದ್ರೂ ಹಾಕೋ ಸ್ವಾತಂತ್ರ್ಯ ಇರೋದು ಡಾಮಿನೆಂಟ್ ಅನ್ನೋ ಜಾತಿ ಕಾರ್ಡ್‌ಗೆ, ಮೇಲೆ ಹೇಳಿದ ಏಂಜಲ್ ಆಫ್ ದ ಲಾರ್ಡ್ ಥರದ್ದು.

ಒಂದು ವಿನಾಯಿತಿ ಇದೆ, ಸ್ಪೆಷಲ್ ಇನಿಶಿಯೇಟಿವ್ ಅಂತಾರೆ. ಎದುರಾಳಿ ಕಾರ್ಡಿನ ಎಬಿಲಿಟಿಯಿಂದ (ಕಾರ್ಡ್ ಮೇಲೆ ಬರೆದಿರೋ ಕೆಲಸ) ನಿಮ್ಮ ಕ್ಯಾರೆಕ್ಟರ್ ಬ್ಯಾಟಲ್ ಬಿಟ್ಟು ಹೋಗೋ ಹಂಗಾದಾಗ, ಅದು ಹೋಗೋ ಮುಂಚೆ ಇಂಟರಪ್ಟ್ ಅಥವಾ ನೆಗೇಟ್ ಮಾಡೋ ಕಾರ್ಡ್ ಇದ್ರೆ ಹಾಕೋಕೆ ಅವಕಾಶ ಕೊಡ್ತಾರೆ. ಕಾರ್ಡ್ ಮೇಲೆ ಇಂಟರಪ್ಟ್ ಅಂತ ಬರೆದಿರೋದಕ್ಕೆ ನಿಜವಾದ ಬೆಲೆ ಬರೋದು ಅಲ್ಲೇ.

ಇದರ ಜೊತೆಗೆ ಮೂರು ಕ್ರಿಯಾಪದ ಸರಿಯಾಗಿ ತಲೆಲಿ ಕೂರ್ಸ್ಕೊಳಿ. ಇಂಟರಪ್ಟ್ ಅಂದ್ರೆ ಆಗಿದ್ದನ್ನ ಸದ್ಯಕ್ಕೆ ಹಿಂದಕ್ಕೆ ತಗೊಳ್ಳೋದು, ಪ್ರಿವೆಂಟ್ ಅಂದ್ರೆ ಮುಂದೆ ಆಗೋದನ್ನ ತಡೆಯೋದು, ನೆಗೇಟ್ ಅಂದ್ರೆ ಎರಡೂ ಸೇರಿ. ಆಗಲೇ ಕೆಲಸ ಮುಗಿಸಿರೋ ಎಬಿಲಿಟಿ ಮೇಲೆ ಬರೀ ಪ್ರಿವೆಂಟ್ ಹಾಕಿ ವಾದ ಮಾಡೋರು ಎಷ್ಟು ಜನ! ಸಿಬಿಎನ್, ಅಂದ್ರೆ ಕೆನಾಟ್ ಬಿ ನೆಗೇಟೆಡ್ ಅಂತ ಇದ್ರೆ ಆ ಮಾತೇ ಬೇಡ, ಮುಂದಕ್ಕೆ ಹೋಗಿ.

—

ಮೇಲಿನವ್ರು ಹೇಳಿದ್ದೆಲ್ಲ ಸರಿ, ಆದ್ರೆ ನೀವು ಹಳೇ ಕಾರ್ಡ್ ಅಂದ್ರಲ್ಲ, ಅಲ್ಲಿ ಕಾರ್ಡ್ ಮೇಲೆ ಪ್ರಿಂಟ್ ಆಗಿರೋದೇ ಕೊನೇ ಮಾತಲ್ಲ. ಹಳೇ ಒಕ್ಕಣೆನ ಈಗಿನ ರೂಲ್ ಭಾಷೆಲಿ ಹೆಂಗೆ ಓದ್ಬೇಕು ಅಂತ 'ಪ್ಲೇ ಆಸ್' ಅಂತ ಕೊಟ್ಟಿರ್ತಾರೆ, ಮೊದಲು ಅದನ್ನ ನೋಡಿ. 'ಹೋಲ್ಡರ್' ಅಂತ ಹಳೇ ಕಾರ್ಡಲ್ಲಿ ಇರುತ್ತಲ್ಲ, ಅದು ಯಾವ ಆಟಗಾರ ಅನ್ನೋದಕ್ಕೂ ಅಲ್ಲೇ ಉತ್ರ ಸಿಗುತ್ತೆ. ಇನ್ನು ರಿಸರ್ವ್ ಅನ್ನೋದು, 10 ಕಾರ್ಡ್ ಪಕ್ಕಕ್ಕೆ ಇಟ್ಕೊಳ್ತೀವಲ್ಲ, ಅದು ಆಟ ಶುರು ಆಗಿ ಎಷ್ಟೋ ವರ್ಷ ಆದ್ಮೇಲೆ ಬಂದಿದ್ದು. ಹಂಗಾಗಿ ಹಳೇ ಕಾರ್ಡ್ 'ಡೆಕ್ ಹುಡುಕು' ಅಂದ್ರೆ ಡೆಕ್ ಮಾತ್ರ, ರಿಸರ್ವ್‌ಗೆ ಕೈ ಹಾಕೋ ಹಂಗಿಲ್ಲ.

—

ನನ್ನ ಟೇಬಲಲ್ಲಿ ಬರೋ ತಲೆನೋವೇ ಬೇರೆ. ಬೈಬಲ್ ಚೆನ್ನಾಗಿ ಓದಿರೋರ ಜೊತೆ ಆಡೋದು! 'ದಾವೀದ ಗೊಲ್ಯಾತನನ್ನ ಒಂದೇ ಕಲ್ಲಲ್ಲಿ ಬೀಳಿಸಿದ, ಅದಕ್ಕೇ ನನ್ನ ದಾವೀದ ಗೆಲ್ಬೇಕು' ಅಂತ ಗಂಭೀರವಾಗಿ ವಾದ ಮಾಡ್ತಾರೆ. ಅಣ್ಣಾ, ನಂಬರ್ ನೋಡು, ಎಬಿಲಿಟಿ ನೋಡು, ಕಥೆ ಆಮೇಲೆ ಹೇಳು.

ಆದ್ರೆ ಪೂರ್ತಿ ತಳ್ಳಿಹಾಕೋಕೂ ಆಗಲ್ಲ, ಯಾಕಂದ್ರೆ ಈ ಆಟದಲ್ಲಿ ವಚನಕ್ಕೂ ಕೆಲಸ ಇದೆ. 'ಜೆನೆಸಿಸ್ ಹೀರೋ' (ಆದಿಕಾಂಡದ ಒಳ್ಳೇ ಪಾತ್ರ) ಅಂತ ಕಾರ್ಡ್ ಕೇಳಿದ್ರೆ ಕಾರ್ಡ್ ಕೆಳಗೆ ಅಚ್ಚಾಗಿರೋ ರೆಫರೆನ್ಸ್ ಆದಿಕಾಂಡದ್ದಾ ಅಂತ ನೋಡ್ತಾರೆ. ಮೆಲ್ಕಿಚೆದೇಕ ಆದಿಕಾಂಡ 14ರಲ್ಲೂ ಬರ್ತಾನೆ, ಇಬ್ರಿಯರಿಗೆ 7ರಲ್ಲೂ ಬರ್ತಾನೆ, ಆದ್ರೆ ನಿಮ್ಮ ಕೈಯಲ್ಲಿರೋ ಕಾರ್ಡ್ ಮೇಲೆ ಯಾವುದು ಅಚ್ಚಾಗಿದೆಯೋ ಅದೇ ಲೆಕ್ಕ. ಪ್ರವಾದಿನಾ, ರಾಜನಾ ಅನ್ನೋದು ಹಳೇ ಕಾರ್ಡಲ್ಲಿ ಬರೆದಿರಲ್ಲ ಎಷ್ಟೋ ಸಲ, ಅಲ್ಲಿ ನಿಮ್ಮ ಬೈಬಲ್ ಜ್ಞಾನಕ್ಕಿಂತ ರೂಲ್ ಗೈಡಲ್ಲಿರೋ ಪಟ್ಟಿ ಮೇಲು, ಇಲ್ಲಾಂದ್ರೆ ಆಟ ಬಿಟ್ಟು ವ್ಯಾಖ್ಯಾನ ಶುರು ಆಗುತ್ತೆ. (ಆ ಗೈಡ್‌ಗೆ ಎಕ್ಸೆಜಿಸಿಸ್ ಗೈಡ್, ಅಂದ್ರೆ ವ್ಯಾಖ್ಯಾನದ ಗೈಡ್ ಅಂತಾನೇ ಹೆಸರಿಟ್ಟಿದ್ರು, ಪುಣ್ಯಾತ್ಮರು ಮೊದಲೇ ಊಹಿಸಿದ್ರು ಅನ್ಸುತ್ತೆ.)

—

ನಾನು ಸ್ವಲ್ಪ ಬೇರೆ ಹೇಳ್ತೀನಿ ಬೈಕೋಬೇಡಿ. ಟೂರ್ನಮೆಂಟ್ ಅಲ್ಲ, ಸುಮ್ನೆ ಆಡ್ತಿದೀರ ಅಂದ್ರೆ ಪ್ರತಿ ಸಾಲಿಗೂ ಗೈಡ್ ತೆಗೀಬೇಡಿ, ಚಿಕ್ಕ ಮಕ್ಕಳು ಆಟ ಬಿಟ್ಟು ಎದ್ದು ಹೋಗ್ತಾರೆ. ಒಂದು ನಿಮಿಷ ಹುಡುಕಿ, ಸಿಗ್ಲಿಲ್ಲ ಅಂದ್ರೆ ನಾಣ್ಯ ಚಿಮ್ಮಿ, ಆಟ ಮುಗಿದ್ಮೇಲೆ ನೋಡಿ, ಮುಂದಿನ ಸಲಕ್ಕೆ ಅದೇ ರೂಲಿಂಗ್ ಇಟ್ಕೊಳ್ಳಿ. ಬೇರೆಯವ್ರನ್ನ ಕೇಳೋದಾದ್ರೆ ಯಾರ ಕಾರ್ಡು, ಯಾರು ಗೆಲ್ತಾರೆ ಅಂತ ಹೇಳ್ದೆ ಬರೀ ಕಾರ್ಡಿನ ಪೂರ್ತಿ ಒಕ್ಕಣೆ ಓದಿ ಹೇಳಿ, 'ಏನಂದ್ರೆ, ಅದು ಹಿಂಗೆ ಮಾಡುತ್ತೆ' ಅಂತ ಸಾರಾಂಶ ಹೇಳಿದ್ರೆ ಉತ್ತರನೂ ನಿಮ್ಮ ಕಡೆಗೇ ವಾಲುತ್ತೆ.

—

ಕೇಳಿದವನೇ ಮತ್ತೆ: ಎಲ್ರಿಗೂ ಥ್ಯಾಂಕ್ಸ್, ಟೆರಿಟರಿ ವಿಷಯದಲ್ಲಿ ನನ್ನ ತಮ್ಮ ಹೇಳಿದ್ದೇ ಸರಿ ಅಂತಾಯ್ತು, ಅವನಿಗೆ ಈ ಥ್ರೆಡ್ ತೋರ್ಸಲ್ಲ ಬಿಡಿ. ಇನ್ನೊಂದು, ಕಾರ್ಡಲ್ಲಿ 'ಮೇ' (may, ಮಾಡಬಹುದು) ಅಂತ ಇಲ್ದೇ ಇದ್ರೆ ಎಬಿಲಿಟಿ ಮಾಡಲೇಬೇಕಾ?

—

ಹೂಂ, ಮಾಡಲೇಬೇಕು, ನಿಮಗೇ ನಷ್ಟ ಆದ್ರೂ ಸರಿ. 'ಮೇ' ಇದ್ರೆ ಮಾತ್ರ ಆಯ್ಕೆ ನಿಮ್ಮದು. ತಮ್ಮನಿಗೆ ಇದನ್ನಾದ್ರೂ ಹೇಳಿ.