ಓದುಗರ ಸ್ಪಂದನ: ಅಮೆರಿಕದ ರಾಜಕೀಯಕ್ಕೆ ನಮ್ಮನೆ ಅಣ್ಣ-ತಮ್ಮ ಮಾತು ಬಿಟ್ಟಿದ್ದಾರೆ

ಕಳೆದ ಸಂಚಿಕೆಯಲ್ಲಿ ಹಾಸನದ ಓದುಗರೊಬ್ಬರು ಹೀಗೆ ಬರೆದಿದ್ದರು:

"ನನ್ನ ಅಣ್ಣ ಡಲ್ಲಾಸ್‌ನಲ್ಲಿ 13 ವರ್ಷದಿಂದ ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಇದ್ದಾನೆ. ತಮ್ಮ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಪ್ಪನನ್ನು ಕೊನೆಯ ಎರಡು ವರ್ಷ ನೋಡಿಕೊಂಡವನು ತಮ್ಮ. 2025ರ ಸೆಪ್ಟೆಂಬರ್‌ನಲ್ಲಿ, ಅಪ್ಪ ಹೋದ ಮೇಲಿನ ಮೊದಲ ಹಿರಿಯರ ಹಬ್ಬಕ್ಕೆ ಅಂತ ಅಣ್ಣ ಒಬ್ಬನೇ ಬಂದಿದ್ದ. ಅಮಾವಾಸ್ಯೆಯ ಹಿಂದಿನ ದಿನ ಶನಿವಾರ ಬೆಳಿಗ್ಗೆ ಈ ವೀಸಾ ಬಗ್ಗೆ ಟ್ರಂಪ್ ಆದೇಶದ ಸುದ್ದಿ ಬಂತು. ಎಡೆಗೆ ಇಡಲು ತಂದಿದ್ದ ಪಂಚೆ-ಶಲ್ಯ ಬೆಂಚಿನ ಮೇಲೆ ಬಿಟ್ಟು ಅಣ್ಣ ಏರ್‌ಪೋರ್ಟಿಗೆ ಹೊರಟ. ಮರುದಿನ ತಮ್ಮನೇ ಅದನ್ನು ಅಪ್ಪನ ಫೋಟೋ ಮುಂದೆ ಇಟ್ಟ. ಆದರೆ ಹಿಂದಿನ ರಾತ್ರಿಯೇ ಮನೆ ಗ್ರೂಪಿನಲ್ಲಿ 'ಟ್ರಂಪ್ ಶಿಳ್ಳೆ ಹೊಡೆದ, ಅಣ್ಣ ಓಡಿದ' ಅಂತ ಹಾಕಿದ್ದ. ಅಲ್ಲಿಂದ ಶುರು. ಟ್ರಂಪ್, ಮಸ್ಕ್, ವೀಸಾ ಅಂತ ದಿನಾ ಜಗಳ. ತಮ್ಮ ಫೇಸ್‌ಬುಕ್‌ನಲ್ಲೂ ಅಣ್ಣನನ್ನು ಟ್ಯಾಗ್ ಮಾಡಿ ಬರೆಯತೊಡಗಿದ. ಡಿಸೆಂಬರ್ ಎರಡನೇ ವಾರ ಅಣ್ಣ ಗ್ರೂಪ್ ಬಿಟ್ಟ. ಫೇಸ್‌ಬುಕ್‌ನಲ್ಲಿ ತಮ್ಮನನ್ನಷ್ಟೇ ಅಲ್ಲ, ಏನೂ ಮಾಡದ ನನ್ನನ್ನೂ ತೆಗೆದ. ಅಮ್ಮ ದಿನಾ ಕೇಳ್ತಾರೆ. ನಾನೇನು ಮಾಡಲಿ?"

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಮೈಸೂರಿನಿಂದ, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಂಬತ್ತು ವರ್ಷ ಇದ್ದು ಬಂದ ಓದುಗರು:

ನಿಮ್ಮ ಪತ್ರ ಓದಿ ಆ ಶನಿವಾರ ಕಣ್ಣಮುಂದೆ ಬಂತು. ನನ್ನ ಮೈದುನನೂ ಅವತ್ತು ಇಲ್ಲೇ ಇದ್ದ. ಅವನದೂ ಎಚ್-1ಬಿ. ಬೆಳಿಗ್ಗೆ ಆರಕ್ಕೆ ಕಾಫಿ ಲೋಟ ಹಿಡಿದು ನಿಂತವನು ಫೋನ್ ನೋಡಿದ. ಲೋಟ ಹಾಗೇ ಕಿಟಕಿ ಮೇಲಿಟ್ಟ. ಕಂಪನಿಯಿಂದ ಮೇಲ್ ಬಂದಿತ್ತು: ಅಮೆರಿಕದ ಹೊರಗಿರುವವರು 21ನೇ ತಾರೀಕಿನೊಳಗೆ ವಾಪಸ್ ಬನ್ನಿ. ಆ ಗಡುವು ನಮ್ಮ ಲೆಕ್ಕದಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಅವನ ಕೈಲಿದ್ದದ್ದು ಒಂದು ದಿನ, ಇನ್ನೊಂದಿಷ್ಟು ಗಂಟೆ. ವಿಮಾನದಲ್ಲೇ ಒಂದು ದಿನ ಹೋಗುತ್ತೆ.

ಆದೇಶಕ್ಕೆ ಸಹಿ ಬಿದ್ದದ್ದು ಸೆಪ್ಟೆಂಬರ್ 19, ಶುಕ್ರವಾರ. ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ. ಆಗಿನ ಲೆಕ್ಕದಲ್ಲಿ 88 ಲಕ್ಷ ರೂಪಾಯಿ. ವಾಣಿಜ್ಯ ಕಾರ್ಯದರ್ಶಿ ಹೊವರ್ಡ್ ಲಟ್ನಿಕ್ ಅದು ಪ್ರತಿ ವರ್ಷ ಕಟ್ಟಬೇಕಾದ ದುಡ್ಡು ಅನ್ನೋ ಹಾಗೆ ಮಾತಾಡಿದ್ದರು. ಮರುದಿನ ಶ್ವೇತಭವನದವರು ಸ್ಪಷ್ಟನೆ ಕೊಟ್ಟರು: ಪ್ರತಿ ವರ್ಷ ಅಲ್ಲ, ಒಂದೇ ಸಲ. ಹೊಸ ಅರ್ಜಿಗೆ ಮಾತ್ರ. ಈಗಾಗಲೇ ವೀಸಾ ಇರುವವರು ಹೋಗಿ ಬರಬಹುದು. ಅಷ್ಟೊತ್ತಿಗೆ ನನ್ನ ಮೈದುನ ಆಕಾಶದಲ್ಲಿದ್ದ. ನಿಮ್ಮ ಅಣ್ಣನೂ ಹಾಗೇ ಇದ್ದಿರಬೇಕು. ಓಡಬೇಕಿರಲಿಲ್ಲ ಅಂತ ಈಗ ನಮಗೆ ಗೊತ್ತು. ಆ ಬೆಳಿಗ್ಗೆ ಯಾರಿಗೂ ಗೊತ್ತಿರಲಿಲ್ಲ.

ಒಬ್ಬನೇ ಬಂದಿದ್ದ ಅಂತ ಬರೆದಿದ್ದೀರಿ. ಅಂದ್ರೆ ಹೆಂಡತಿ, ಮಕ್ಕಳು ಅಲ್ಲಿದ್ದಾರೆ. ನಾನು ಆ ಕಡೆ ಇದ್ದವಳು. ಎಚ್-4 ಅಂದ್ರೆ ಗಂಡನ ವೀಸಾಕ್ಕೆ ಕಟ್ಟಿದ ವೀಸಾ. ಅವನದು ಹೋದರೆ ನಮ್ಮದೂ ಹೋಯಿತು. ಅವನಿಗೆ ಆ ಹೊತ್ತಲ್ಲಿ ಅಪ್ಪನ ಎಡೆ ಬೇಡವಾಗಿತ್ತು ಅಂತಲ್ಲ ಕಣ್ರೀ. ಮಕ್ಕಳ ಶಾಲೆ, ಮನೆ ಬಾಡಿಗೆ, ಬ್ಯಾಂಕ್ ಸಾಲ ಎಲ್ಲ ಒಟ್ಟಿಗೇ ತಲೆಗೆ ಬಂದಿರುತ್ತೆ.

ಇನ್ನು ಡಿಸೆಂಬರ್ ವಿಷಯ. ನೀವು ಬರೆದ ತಾರೀಕು ನೋಡಿ ನನಗೆ ಥಟ್ಟನೆ ಹೊಳೆಯಿತು. ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿ ಹಾಕುವವರ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ನೋಡ್ತೀವಿ, ಎಲ್ಲರಿಗೂ ಕಾಣೋ ಹಾಗೆ ತೆರೆದಿಡಿ ಅಂತ ಅಮೆರಿಕದ ವಿದೇಶಾಂಗ ಇಲಾಖೆ ಹೇಳಿತು. ಭಾರತದಲ್ಲಿ ಡಿಸೆಂಬರಿಗೆ ಸಿಕ್ಕಿದ್ದ ಎಷ್ಟೋ ವೀಸಾ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಸ್ಟ್ಯಾಂಪಿಂಗ್‌ಗೆ, ಅಂದ್ರೆ ಪಾಸ್‌ಪೋರ್ಟಿಗೆ ವೀಸಾ ಮುದ್ರೆ ಹಾಕಿಸಿಕೊಳ್ಳೋಕೆ ಅಂತ ಬಂದವರು ಇಲ್ಲೇ ಸಿಕ್ಕಿಬಿದ್ದರು. ನನ್ನ ಮೈದುನ ಆ ವಾರ ರಾತ್ರಿ ಕೂತು ಹಳೇ ಪೋಸ್ಟ್ ಒಂದೊಂದೇ ಅಳಿಸಿದ. ಮಗಳ ನಾಮಕರಣದ ಫೋಟೋ ಕೆಳಗೆ ಯಾವನೋ ಗೆಳೆಯ ಟ್ರಂಪ್ ಬಗ್ಗೆ ಏನೋ ಬರೆದಿದ್ದ. ಅದನ್ನು ಕಂಡು ಫೋಟೋನೇ ತೆಗೆದುಬಿಟ್ಟ. ತೊಟ್ಟಿಲಿನ ಫೋಟೋ ಅದು. ನನಗೆ ಅಳು ಬಂತು.

ನಿಮ್ಮ ತಮ್ಮ ಟ್ಯಾಗ್ ಮಾಡಿ ಬರೆದದ್ದೆಲ್ಲ ಅಣ್ಣನ ಗೋಡೆ ಮೇಲೆ ನೇತಾಡ್ತಾ ಇತ್ತು. ನಿಮ್ಮನ್ನು ತೆಗೆದದ್ದು ಸಿಟ್ಟಿಗಲ್ಲ, ಹೆದರಿಕೆಗೆ ಅಂತ ನನಗೆ ಅನಿಸುತ್ತೆ. ಹೆದರಿಕೆ ಅಂತ ತಮ್ಮನ ಮುಂದೆ ಹೇಳಿಕೊಳ್ಳೋಕೆ ಯಾವ ಅಣ್ಣನಿಗೂ ಆಗಲ್ಲ. ನೀವೇ ಫೋನ್ ಮಾಡಿ ಕೇಳಿ. "ನಮ್ಮನ್ಯಾಕೆ ತೆಗೆದೆ" ಅಂತ ಅಲ್ಲ. "ಸ್ಟ್ಯಾಂಪಿಂಗ್ ಯಾವಾಗ ಇದೆ" ಅಂತ ಕೇಳಿ.

ಬೆಂಗಳೂರು ವಿಜಯನಗರದಿಂದ, ಒಬ್ಬ ತಮ್ಮ:

ನಿಮ್ಮ ತಮ್ಮನ ಪರವಾಗಿ ಯಾರಾದರೂ ಮಾತಾಡಬೇಕು ಅಂತ ಬರೀತಿದ್ದೀನಿ. ನನ್ನ ಅಣ್ಣನೂ ಹೊರಗಿದ್ದಾನೆ. ನಮ್ಮಪ್ಪ 19 ದಿನ ಆಸ್ಪತ್ರೆಯಲ್ಲಿದ್ದರು. ಅಣ್ಣ ದಿನಾ ವಿಡಿಯೋ ಕಾಲ್ ಮಾಡ್ತಿದ್ದ. "ಫೋನ್ ಇನ್ನೂ ಹತ್ರ ಹಿಡಿ, ಮುಖ ಕಾಣ್ತಿಲ್ಲ" ಅನ್ನೋನು. ನಾನು ಅಪ್ಪನ ಮೂಗಿನ ಆಕ್ಸಿಜನ್ ಪೈಪ್ ಒಂದು ಕೈಲಿ ಸರಿ ಮಾಡ್ತಾ, ಇನ್ನೊಂದು ಕೈಲಿ ಅರ್ಧ ಗಂಟೆ ಫೋನ್ ಹಿಡಿದು ನಿಂತಿರ್ತಿದ್ದೆ. ಆ ಫೋನಿನ ಪರದೆಯಲ್ಲಿ ಅಪ್ಪ ಕಾಣ್ತಿದ್ದರು, ಅಣ್ಣ ಕಾಣ್ತಿದ್ದ. ನಾನು ಕಾಣ್ತಿರಲಿಲ್ಲ. "ನೀನು ಊಟ ಮಾಡಿದ್ಯಾ" ಅಂತ ಅವನು ಒಂದು ದಿನವೂ ಕೇಳಲಿಲ್ಲ. ಕೆಟ್ಟವನಲ್ಲ, ಹೊಳೆದಿರಲಿಲ್ಲ ಅಷ್ಟೇ.

ಆಮೇಲೆ ನಾನು ಮಾಡಿದ್ದೂ ನಿಮ್ಮ ತಮ್ಮ ಮಾಡಿದ್ದೇ. ಗ್ರೂಪಿನಲ್ಲಿ ಅವನು ಟೆಕ್ ಸುದ್ದಿ ಹಾಕಿದರೆ ಸಾಕು, ಕಾಲು ಕೆರೆದು ಜಗಳಕ್ಕೆ ಹೋಗ್ತಿದ್ದೆ. ಮಸ್ಕ್ ಟ್ವಿಟರ್ ಕೊಂಡಿದ್ದು ಸರಿಯಾ, ಎಐ ಬಂದ ಮೇಲೆ ಅಲ್ಲಿ ಕೆಲಸ ಉಳಿಯುತ್ತಾ, ಟ್ರಂಪ್‌ಗೆ ಓಟು ಹಾಕಿದ ನಮ್ಮವರು ಈಗ ಏನಂತಾರೆ. ಅಂಕಿ-ಅಂಶ ಹುಡುಕಿ ಹುಡುಕಿ ಹಾಕ್ತಿದ್ದೆ. ಗೆದ್ದೆ ಅನಿಸಿದ ರಾತ್ರಿ ನಿದ್ದೆನೇ ಬರ್ತಿರಲಿಲ್ಲ. ಅಪ್ಪನ ಬಗ್ಗೆ ಮಾತಾಡೋದು ಕಷ್ಟ ಆಗಿತ್ತು. ಟ್ರಂಪ್ ಬಗ್ಗೆ ಮಾತಾಡೋದು ಸುಲಭ.

ಎರಡು ವರ್ಷ ಆದ ಮೇಲೆ ಅಣ್ಣ ಒಂದು ಭಾನುವಾರ ಫೋನ್ ಮಾಡಿ "ಕೊನೇ ರಾತ್ರಿ ಏನಾಯ್ತು, ಮೊದಲಿಂದ ಹೇಳು" ಅಂದ. ಹೇಳಿದೆ. ನಡುವೆ ಒಂದು ಮಾತೂ ಆಡದೆ ಕೇಳಿದ. ಮಾರನೇ ದಿನದಿಂದ ನನಗೆ ಮಸ್ಕ್ ಬೇಕಾಗಲಿಲ್ಲ. ನಿಮ್ಮ ಅಣ್ಣ ಆ ಎರಡು ವರ್ಷದ ಬಗ್ಗೆ ನಿಮ್ಮ ತಮ್ಮನನ್ನು ಯಾವತ್ತಾದರೂ ಕೇಳಿದ್ದಾರಾ? ಇಲ್ಲ ಅಂದ್ರೆ ಮೊದಲು ಅದಾಗಲಿ.

ಅಮೆರಿಕದ ಮಿಷಿಗನ್‌ನಿಂದ, ಅಲ್ಲಿನ ಪೌರತ್ವ ಪಡೆದ ಕನ್ನಡಿಗರು:

"ಮನೆಯಲ್ಲಿ ರಾಜಕೀಯ ಬೇಡ" ಅಂತ ಹಲವರು ಬರೆಯಬಹುದು. ನಾನು ಒಪ್ಪಲ್ಲ. ನಾನು ಇಲ್ಲಿ ಓಟು ಹಾಕುವವನು. ನಮ್ಮ ಕನ್ನಡ ಕೂಟದ ಯುಗಾದಿ ಊಟದಲ್ಲೂ ಇದೇ ಚರ್ಚೆ. ಅಣ್ಣನ ಜೀವನ ನಿಂತಿರೋದೇ ಇದರ ಮೇಲೆ, ಮನೆಯವರು ಮಾತಾಡದೆ ಇನ್ಯಾರು ಮಾತಾಡಬೇಕು? ಆದರೆ ಗೊತ್ತಿದ್ದು ಮಾತಾಡಲಿ.

ಈ ವೀಸಾದಿಂದ ಇಲ್ಲಿನವರ ಕೆಲಸ ಹೋಗುತ್ತೆ ಅನ್ನೋ ಮಾತಲ್ಲೂ ಹುರುಳಿದೆ. 2015ರಲ್ಲಿ ಫ್ಲಾರಿಡಾದ ಡಿಸ್ನಿಯಲ್ಲಿ ಸುಮಾರು 250 ತಂತ್ರಜ್ಞರನ್ನು ಕೆಲಸದಿಂದ ತೆಗೆದರು. ಅವರಲ್ಲಿ ಹಲವರು ತಮ್ಮ ಜಾಗಕ್ಕೆ ಬಂದ, ಈ ವೀಸಾದ ಮೇಲಿದ್ದ ನಮ್ಮವರಿಗೆ ತಾವೇ ಕೆಲಸ ಕಲಿಸಿಕೊಟ್ಟು ಹೋಗಬೇಕಾಯಿತು. ಅವರ ನೋವು ಸುಳ್ಳಲ್ಲ. ಅದನ್ನು ಒಪ್ಪದೆ ನಾವು ಇಲ್ಲಿ ನ್ಯಾಯ ಕೇಳೋಕಾಗಲ್ಲ.

ಅಣ್ಣನ ಕಡೆಯ ನ್ಯಾಯ ಇನ್ನೂ ದೊಡ್ಡದು. ಎಚ್-1ಬಿ ಬಂದದ್ದು 1990ರ ಕಾನೂನಿನಿಂದ. ಈಗ ವರ್ಷಕ್ಕೆ 65,000 ವೀಸಾ, ಜೊತೆಗೆ ಇಲ್ಲೇ ಮಾಸ್ಟರ್ಸ್ ಓದಿದವರಿಗೆ 20,000. ಅರ್ಜಿ ಅದಕ್ಕಿಂತ ಎಷ್ಟೋ ಜಾಸ್ತಿ ಬರೋದರಿಂದ ಲಾಟರಿ. ಲಾಟರಿ ಹೊಡೆದರೂ ಗ್ರೀನ್ ಕಾರ್ಡಿಗೆ, ಅಂದ್ರೆ ಇಲ್ಲಿ ಕಾಯಂ ಆಗಿ ಇರುವ ಪರವಾನಗಿಗೆ, ಒಂದು ದೇಶದವರಿಗೆ 7 ಶೇಕಡಾ ಮಿತಿ. ಇಷ್ಟು ಜನ ಇರುವ ಭಾರತಕ್ಕೂ ಅದೇ ಮಿತಿ, ಪುಟ್ಟ ದೇಶಕ್ಕೂ ಅದೇ. ನಿಮ್ಮ ಅಣ್ಣ 13 ವರ್ಷ ಆದರೂ ಅದೇ ವೀಸಾದಲ್ಲಿ ಇರೋದು ಅವರ ತಪ್ಪಲ್ಲ. ತೆರಿಗೆ ಕಟ್ಟುತ್ತಾರೆ, ಓಟಿಲ್ಲ. ಪ್ರತಿ ಚುನಾವಣೆಯಲ್ಲೂ ಎರಡೂ ಕಡೆಯವರು ಅವರ ಬಗ್ಗೆ ಮಾತಾಡುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ.

ಇಲ್ಲಿ ಟ್ರಂಪ್ ಕಡೆಯವರೆಲ್ಲ ಒಂದೇ ಅಂತಲೂ ತಮ್ಮ ತಿಳಿಯಬಾರದು. 2024ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಹುಟ್ಟಿದ ಶ್ರೀರಾಮ್ ಕೃಷ್ಣನ್ ಅವರನ್ನು ಎಐ ಸಲಹೆಗಾರರನ್ನಾಗಿ ಮಾಡಿದಾಗ ಅವರವರಲ್ಲೇ ದೊಡ್ಡ ಗಲಾಟೆ ಆಯಿತು. ಮಸ್ಕ್, ಉದ್ಯಮಿ-ರಾಜಕಾರಣಿ ವಿವೇಕ್ ರಾಮಸ್ವಾಮಿ ಈ ವೀಸಾ ಬೇಕು ಅಂದರು. ಟ್ರಂಪ್‌ರ ಕಟ್ಟಾ ಬೆಂಬಲಿಗಳು ಲಾರಾ ಲೂಮರ್, ಹಳೇ ಸಲಹೆಗಾರ ಸ್ಟೀವ್ ಬ್ಯಾನನ್ ಬೇಡವೇ ಬೇಡ ಅಂದರು. ಆಗ ಟ್ರಂಪ್ ವೀಸಾ ಪರ ಮಾತಾಡಿದರು. ಒಂಬತ್ತೇ ತಿಂಗಳಿಗೆ ಒಂದು ಲಕ್ಷ ಡಾಲರ್ ಆದೇಶ ಬಂತು. ಇಂಥದ್ದನ್ನು ನಂಬಿ ಯಾರು ತಾನೇ ನೆಮ್ಮದಿಯಿಂದ ಇರೋಕಾಗುತ್ತೆ? ಅಣ್ಣ-ತಮ್ಮ ಇದನ್ನು ಫೋನಿನಲ್ಲಿ ಮಾತಾಡಲಿ. ದನಿ ಕೇಳಿಸಬೇಕು. ಟೈಪ್ ಮಾಡಿದ ಮಾತಿಗೆ ದನಿ ಇರಲ್ಲ.

ದಾವಣಗೆರೆಯಿಂದ:

ನಾನು ಮೂರು ವರ್ಷ ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಅಮೆರಿಕದವರ ಜೊತೆ ಜಗಳ ಆಡಿದವನು. ಅಂಗಡಿ ಬಾಗಿಲು ಹಾಕಿ ಬಂದು ರಾತ್ರಿ ಒಂದರವರೆಗೆ. ಭಾರತೀಯರನ್ನು ಬೈದವರಿಗೆ ಉತ್ತರ ಕೊಡದೆ ಮಲಗಿದರೆ ತಪ್ಪು ಮಾಡಿದ ಹಾಗೆ ಅನಿಸೋದು. 2025ರ ನವೆಂಬರಿನಲ್ಲಿ ಎಕ್ಸ್‌ನವರು ಯಾವ ಖಾತೆ ಯಾವ ದೇಶದ್ದು ಅಂತ ತೋರಿಸೋಕೆ ಶುರು ಮಾಡಿದರು. ಅಮೆರಿಕದ ಬಾವುಟ ಹಾಕಿಕೊಂಡು ಕೂಗಾಡ್ತಿದ್ದ ಎಷ್ಟೋ ಖಾತೆಗಳು ಅಮೆರಿಕದವೇ ಅಲ್ಲ. ನೋಡುವವರು, ಉತ್ತರ ಕೊಡುವವರು ಜಾಸ್ತಿ ಆದರೆ ಅಲ್ಲಿ ದುಡ್ಡು ಸಿಗುತ್ತೆ. ನನ್ನ ಸಿಟ್ಟು ಯಾರದೋ ಸಂಬಳ ಆಗಿತ್ತು.

ಫೇಸ್‌ಬುಕ್‌ದೂ ಕೇಳಿ. 2017ರಲ್ಲಿ ಅವರು ಒಂದು ಲೈಕ್‌ಗೆ ಒಂದು ಅಂಕ ಕೊಟ್ಟರೆ ಸಿಟ್ಟಿನ ಮುಖಕ್ಕೆ ಐದು ಅಂಕ ಕೊಡೋಕೆ ಶುರು ಮಾಡಿದರು. ಅಂಕ ಜಾಸ್ತಿ ಇದ್ದ ಪೋಸ್ಟ್ ಜಾಸ್ತಿ ಜನಕ್ಕೆ ಹೋಗೋದು. ಆಮೇಲೆ ಅದನ್ನು ಇಳಿಸುತ್ತಾ ಬಂದು ಸೊನ್ನೆ ಮಾಡಿದರು. ಈ ವಿಷಯ ಹೊರಗೆ ಬಂದದ್ದು 2021ರಲ್ಲಿ, ಅವರದೇ ಒಳಗಿನ ಕಾಗದಪತ್ರಗಳಿಂದ. ವಾಟ್ಸಾಪ್ ಗ್ರೂಪಿನಲ್ಲಿ ಇಂಥ ಅಂಕ ಇಲ್ಲ. ಆದರೆ ನಿಮ್ಮ ತಮ್ಮ ಅಲ್ಲಿಗೆ ತಂದು ಹಾಕುವ ಮಾತು ಎಲ್ಲಿ ಹದವಾಗಿ ಕುದ್ದು ಬಂದದ್ದು? ಅವರಿಗೆ ನನ್ನದೊಂದು ಕೇಳಿಕೆ. ಮೊದಲು ಆ ಟ್ಯಾಗ್‌ಗಳನ್ನು ತೆಗೆಯಲಿ. ಇವತ್ತೇ. ಅಣ್ಣನಿಗೆ ಹೇಳದೇನೇ ತೆಗೆಯಲಿ.

ಶಿರಸಿಯಿಂದ, ನಿವೃತ್ತ ಶಿಕ್ಷಕಿ:

ಇಬ್ಬರನ್ನೂ ಒಟ್ಟಿಗೆ ಕಾಲ್‌ನಲ್ಲಿ ಕೂರಿಸಬೇಡಿ. ನಾನು ನನ್ನ ಮಕ್ಕಳಿಗೆ ಹಾಗೆ ಮಾಡಿ ಗಾಯ ದೊಡ್ಡದು ಮಾಡಿದೆ. ಮೂರನೆಯವರು ಕೇಳಿಸಿಕೊಳ್ತಿದ್ದರೆ ಇಬ್ಬರೂ ವಾದಕ್ಕೇ ನಿಲ್ಲುತ್ತಾರೆ. ಅಮ್ಮನ ಕೈಲಿ ಮಾತಾಡಿಸಿ. ಬೇರೆ ಬೇರೆ ದಿನ, ಬೇರೆ ಬೇರೆ ಮಗನ ಜೊತೆ. ರಾಜಿ ಮಾತು ಅಮ್ಮ ತೆಗೆಯೋದೇ ಬೇಡ.

ತಿಪಟೂರಿನಿಂದ:

ನಿಮ್ಮ ಪತ್ರವನ್ನು ನಮ್ಮತ್ತೆಗೆ ಓದಿ ಹೇಳಿದೆ. ಟ್ರಂಪ್ ಗಿಂಪ್ ಎಲ್ಲ ಅವರಿಗೆ ತಿಳಿಯಲ್ಲ. ನಡುವೆ ಒಂದು ಕಡೆ ನಿಲ್ಲಿಸಿ, "ಅದನ್ನು ಇನ್ನೊಂದ್ಸಲ ಓದು" ಅಂದರು. ಅಣ್ಣ ಬಿಟ್ಟು ಹೋದ ಪಂಚೆಯನ್ನು ಮರುದಿನ ತಮ್ಮ ಎತ್ತಿ ಅಪ್ಪನ ಮುಂದೆ ಇಟ್ಟ ಅನ್ನೋ ಸಾಲು. ನೀವು ಅದನ್ನು ಬರೆದು ಸುಮ್ನೆ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಹಿಂದಿನ ರಾತ್ರಿ ಅಷ್ಟು ಸಿಟ್ಟಲ್ಲಿ ಬರೆದ ಹುಡುಗ, ಬೆಳಿಗ್ಗೆ ಎದ್ದು ತಾನು ತಂದ ಬಟ್ಟೆ ಜೊತೆ ಅಣ್ಣನದನ್ನೂ ಇಟ್ಟನಲ್ಲ.

ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಇದು ಆ ದೊಡ್ಡ ಮಗನಿಗೆ ಗೊತ್ತಾ?"

ಎಡೆ ಇಟ್ಟಾಗ ಯಾರಾದರೂ ಫೋಟೋ ತೆಗೆದೇ ಇರ್ತೀರಿ. ಪಂಚೆ-ಶಲ್ಯ ಕಾಣೋ ಫೋಟೋ ಒಂದು ಹುಡುಕಿ ಅಣ್ಣನಿಗೆ ಕಳಿಸಿ. ಕೆಳಗೆ ಏನೂ ಬರೆಯಬೇಡಿ. ಅವರೇ ಕೇಳ್ತಾರೆ, ಯಾರು ಇಟ್ಟಿದ್ದು ಅಂತ. 2026ರಲ್ಲಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10, ಶನಿವಾರ. ವೀಸಾ ತೊಂದರೆಯಿಂದ ಅಣ್ಣನಿಗೆ ಬರೋಕೆ ಆಗದೇ ಇರಬಹುದು. ಯಾವ ಅಂಚಿನ ಪಂಚೆ ತರಬೇಕು ಅಂತ ತಮ್ಮ ಒಂದು ಫೋನ್ ಮಾಡಿ ಕೇಳಲಿ.